ಯಾರು ಒತ್ತಿದ್ದು?

“ನಿಮ್ಮನೆ ಕುಕ್ಕರ್ ಆರು ಸಲ ಕೂಗ್ತಲ್ಲೇ, ಹುರುಳಿಕಾಳಾ ಇವತ್ತು?”

ಗೋಡೆಯಾಚೆಯಿಂದ ಅಜ್ಜಿಯ ದನಿ. ಎರಡು ಮನೆಗೂ ನಡುವೆ ಇರುವುದು ಎದೆಮಟ್ಟದ ಕಾಂಪೌಂಡು. ನಮ್ಮ ದಾಸವಾಳ ಅವರ ಕಡೆ ಬಾಗಿದೆ, ಅವರ ಕರಿಬೇವು ನಮ್ಮ ಕಡೆ. ಹೂವು ಅವರ ದೇವರಿಗೆ, ಸೊಪ್ಪು ನಮ್ಮ ಒಗ್ಗರಣೆಗೆ. ಅಜ್ಜಿ ಹಾಸನದ ಕಡೆಯವರು, ಮಗನ ಜೊತೆ ಇರೋಣವೆಂದು ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾಯಿತು. ಇಷ್ಟಾದರೂ ಈ ಊರಿನಲ್ಲಿ ಅವರು ನಂಬುವುದು ಎರಡೇ ಸುದ್ದಿಗಾರರನ್ನು. ಒಬ್ಬ, ನೀರು ಬಿಡುವ ಹುಡುಗ. ಇನ್ನೊಂದು, ಅಕ್ಕಪಕ್ಕದ ಮನೆಯ ಕುಕ್ಕರು. ಎರಡು ಕೂಗಿದರೆ ಅನ್ನ, ಮೂರು ನಾಲ್ಕಾದರೆ ಬೇಳೆ, ಐದು ದಾಟಿದರೆ ಕಾಳು. ಅದನ್ನೂ ಮೀರಿತು ಅಂದರೆ ಆ ಮನೆಯವರು ಫೋನಿನಲ್ಲಿದ್ದಾರೆ.

“ಕಾಳಲ್ಲ ಅಜ್ಜಿ, ಫೋನು,” ಅಂದೆ.

“ನಮ್ಮನೇಲೂ ಅದೇ. ಇವನು ಬೆಳಿಗ್ಗೆ ತಿಂಡಿ ಮುಟ್ಲಿಲ್ಲ ಕಣೇ. ಕೇಳಿದ್ರೆ ಪ್ರೆಶರ್ ಅಮ್ಮಾ ಪ್ರೆಶರ್ ಅಂತಾನೆ. ಬಿಪಿನೇನೋ ಅಂದೆ. ಅಲ್ಲ, ಕೆಲಸದ್ದು ಅಂದ. ಯಾರೋ ನಿನ್ನ ಒತ್ತಿದ್ದು ಅಂದೆ. ಯಾರೂ ಇಲ್ಲಮ್ಮ, ಹಾಗೇ ಇರತ್ತೆ ಅಂದ. ಅದು ಹೆಂಗೇ? ಯಾರೂ ಒತ್ತದೆ ಒತ್ತಡ ಎಲ್ಲಿಂದ ಬರತ್ತೆ?”

ಪುಸ್ತಕಗಳ ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ಇಂಥ ಪ್ರಶ್ನೆ ಕಿವಿಗೆ ಬಿತ್ತೆಂದರೆ ಆ ದಿನದ ಕರಡು ಅಲ್ಲಿಗೇ ನಿಂತಂತೆ. ನಿಂತಿತು. ಕೈಯಲ್ಲಿದ್ದ ಸೌಟಿನ ಸಮೇತ ಗೋಡೆಗೆ ಒರಗಿದೆ.

ಅಜ್ಜಿ ಕೇಳಿದ್ದರಲ್ಲಿ ವ್ಯಾಕರಣವಿದೆ. ಅವರ ಕನ್ನಡದಲ್ಲಿ ಒತ್ತುವುದಕ್ಕೆ ಒಂದು ಕೈ ಇರಲೇಬೇಕು. ಶಾವಿಗೆ ಒತ್ತುತ್ತಾರೆ, ಚಕ್ಕುಲಿ ಒತ್ತುತ್ತಾರೆ, ಅತ್ತೆಯ ಕಾಲು ಒತ್ತುತ್ತಾರೆ (ಒತ್ತುತ್ತಿದ್ದರು ಎನ್ನೋಣ, ಈಚೆಗೆ ಅತ್ತೆಯಂದಿರೇ ಆ ಆಸೆ ಬಿಟ್ಟಿದ್ದಾರೆ). ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ, ಕರೆಗಂಟೆ ಒತ್ತುತ್ತಾರೆ, ಐದು ವರ್ಷಕ್ಕೊಮ್ಮೆ ಶಾಲೆಯ ಕೋಣೆಯೊಂದರಲ್ಲಿ ರಟ್ಟಿನ ಮರೆಗೆ ನಿಂತು ಗುಂಡಿ ಒತ್ತಿ ಬರುತ್ತಾರೆ. ಹೊಸ ಚಪ್ಪಲಿ ಹೆಬ್ಬೆರಳಿಗೆ ಒತ್ತುತ್ತದೆ. ಅಲ್ಲಿ ಕೈ ಇಲ್ಲ, ನಿಜ. ಆದರೂ ತಪ್ಪಿತಸ್ಥ ಯಾರೆಂದು ಗೊತ್ತು, ಕಳಚಿ ಮೂಲೆಗೆ ಎಸೆಯಬಹುದು.

ಇದೇ ಮಾತಿನೊಳಗೆ ಭಕ್ತಿಯೂ ಕೂತಿದೆ. ಪುಸ್ತಕಕ್ಕೆ ಕಾಲು ತಾಕಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತೇವೆ. ನಮ್ಮ ಬೀದಿಗೆ ಬರುವ ಸೊಪ್ಪಿನವಳು ಬೋಣಿಯ ಹತ್ತು ರೂಪಾಯಿಯನ್ನು ಎರಡು ಕಣ್ಣಿಗೂ ಒತ್ತಿಕೊಂಡೇ ಸೊಂಟದ ಚೀಲಕ್ಕೆ ಇಳಿಸುವುದು. ಅದೇ ಹತ್ತು ರೂಪಾಯಿ ಮಧ್ಯಾಹ್ನ ಬಂದರೆ ಬರಿಯ ಹತ್ತು ರೂಪಾಯಿ. ಸಾವಿನ ಮನೆಯಲ್ಲಿ ಸೆರಗಿನ ತುದಿಯಿಂದ ಕಣ್ಣೊತ್ತಿಕೊಳ್ಳುತ್ತಾರೆ. ದುಃಖ ಒಳಗಿನಿಂದ ಒತ್ತರಿಸಿ ಬರುತ್ತದೆ, ಹೊರಗಿನಿಂದ ಸೆರಗು ಒತ್ತುತ್ತದೆ. ಒಳಗಿಗೂ ಹೊರಗಿಗೂ ಅದೇ ಮಾತು.

ಇನ್ನೊಂದು ಒತ್ತು ಇದೆ, ಅದು ನನಗೆ ತುಂಬಾ ಇಷ್ಟ. ಮದುವೆ ಮನೆಯಲ್ಲಿ ನಾಗಸ್ವರದವರ ಪಕ್ಕದಲ್ಲಿ ಒಬ್ಬಾತ ಕೆನ್ನೆ ಉಬ್ಬಿಸಿಕೊಂಡು ಒಂದೇ ಸ್ವರವನ್ನು ಊದುತ್ತಾ ಕೂತಿರುತ್ತಿದ್ದ. ಆ ವಾದ್ಯದ ಹೆಸರೇ ಒತ್ತು. ಈಗ ಆ ಜಾಗದಲ್ಲಿ ಹೆಚ್ಚಾಗಿ ಶ್ರುತಿಪೆಟ್ಟಿಗೆ ಬಂದಿದೆ. ಅವನ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಫೋಟೋದಲ್ಲೂ ಅರ್ಧ ಮುಖ. ಆದರೆ ಆತ ಉಸಿರು ಬಿಟ್ಟರೆ ನಾಗಸ್ವರಕ್ಕೆ ನಿಲ್ಲಲು ನೆಲವಿಲ್ಲ. ಒತ್ತಾಸೆ ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಆ ಉಬ್ಬಿದ ಕೆನ್ನೆ ನೆನಪಾಗುತ್ತದೆ.

ಇಷ್ಟು ಜೀವಂತವಾದ ಕೆಲಸಕ್ಕೆ ಒಂದು ಹೆಸರು ಕೊಟ್ಟು ‘ಒತ್ತಡ’ ಅಂದ ಕೂಡಲೇ ನೋಡಿ, ಕೈ ಮಾಯ. ‘ತೀವ್ರ ಒತ್ತಡಕ್ಕೆ ಮಣಿದು ವರ್ಗಾವಣೆ ರದ್ದು’ ಎಂದು ಪತ್ರಿಕೆ ಬರೆಯುತ್ತದೆ. ಯಾರ ಒತ್ತಡ? ಬರೆದವರಿಗೆ ಗೊತ್ತು, ಓದುವವರಿಗೆ ಗೊತ್ತು, ವರ್ಗಾವಣೆಯಿಂದ ಪಾರಾದವನಿಗಂತೂ ಚೆನ್ನಾಗಿಯೇ ಗೊತ್ತು. ಹೆಸರು ಮಾತ್ರ ಎಲ್ಲೂ ಇಲ್ಲ. ಇನ್ನು ‘ಒತ್ತಡ ಹೇರಲಾಯಿತು’ ಎಂಬ ವಾಕ್ಯ ಕರಡಿನಲ್ಲಿ ಸಿಕ್ಕರೆ ನನ್ನ ಪೆನ್ನು ತಾನಾಗಿ ನಿಲ್ಲುತ್ತದೆ. ‘ಒತ್ತಡ’ ಒಂದು ಮುಸುಕು, ‘ಲಾಯಿತು’ ಅದರ ಮೇಲೆ ಇನ್ನೊಂದು. ಪಕ್ಕದಲ್ಲಿ ‘ಯಾರು?’ ಎಂದು ಬರೆದು ಕಳಿಸುತ್ತೇನೆ. ಲೇಖಕರು ಆ ವಾಕ್ಯವನ್ನೇ ಹೊಡೆದುಹಾಕಿ ಕಳಿಸುತ್ತಾರೆ.

ಒತ್ತಾಯದ ಜಾತಿ ಬೇರೆ. ‘ಬಾಕಿ ವೇತನಕ್ಕೆ ಒತ್ತಾಯಿಸಿ ಧರಣಿ’ ಎಂದಾಗ ಅಲ್ಲಿ ಬ್ಯಾನರ್ ಇರುತ್ತದೆ, ಬಿಸಿಲಿನಲ್ಲಿ ಕೂತ ಮುಖಗಳು ಇರುತ್ತವೆ, ಮುಖಂಡರ ಹೆಸರೂ ಇರುತ್ತದೆ. ಕೆಳಗಿನವರು ಮೇಲಕ್ಕೆ ಮಾಡುವುದು ಒತ್ತಾಯ, ಅದಕ್ಕೆ ವಿಳಾಸವಿದೆ. ಮೇಲಿನವರು ಕೆಳಕ್ಕೆ ಕಳಿಸುವುದು ಒತ್ತಡ, ಅದು ಅನಾಮಧೇಯ. ನಾನು ಹೀಗೆ ಭಾಷಣ ಶುರುಮಾಡುವ ಹೊತ್ತಿಗೆ ಅಜ್ಜಿ, “ಒತ್ತಾಯ ಅಂದ್ರೆ ಬಡಿಸೋರು ಮಾಡೋದು ಕಣೇ,” ಅಂದರು. ಅದೂ ಸರಿಯೇ. ಹೋಳಿಗೆಯ ತಟ್ಟೆ ಹಿಡಿದು ಪಂಕ್ತಿಯ ಉದ್ದಕ್ಕೂ ಬರುವಾತ ಎಲೆಯ ಮೇಲೆ ಅಡ್ಡ ಹಿಡಿದ ನಿಮ್ಮ ಕೈಯ ಸಂದಿಯಿಂದಲೇ ಒಂದನ್ನು ಜಾರಿಸುತ್ತಾನೆ. ಅಷ್ಟು ಪ್ರೀತಿಯಿಂದ ಯಾರೂ ನನ್ನ ಮೇಲೆ ‘ಒತ್ತಡ ಹೇರಿಲ್ಲ’.

ಅಜ್ಜಿಯ ಮೊಮ್ಮಗಳು ಮೂರನೇ ಕ್ಲಾಸು. ಉಕ್ತಲೇಖನಕ್ಕೆ ನನ್ನ ಹತ್ತಿರ ಬರುತ್ತಾಳೆ. ಹೋದ ವಾರ ‘ಒತ್ತಡ’ ಬರೆಯಲು ಹೇಳಿದೆ. ತಕ್ಕೆ ತ ಒತ್ತು ಎಂದು ಬಾಯಲ್ಲಿ ಹೇಳಿಕೊಂಡು ಬರೆದು, ಪೆನ್ಸಿಲ್ ಕಚ್ಚಿಕೊಂಡು ನೋಡಿ, “ಆಂಟಿ, ಪಾಪ, ಒಂದು ತ ಇನ್ನೊಂದರ ತಲೆ ಮೇಲೆ ಕೂತಿದೆ,” ಅಂದಳು. ಇಷ್ಟು ವರ್ಷ ಒತ್ತಕ್ಷರ ತಿದ್ದಿದ ನನಗೆ ಇದು ಹೊಳೆದಿರಲಿಲ್ಲ.

ಅವಳು ಹೋದ ಮೇಲೆ ಕೂತು ಯೋಚಿಸಿದೆ. ಮೇಲೆ ಕೂತಿರುವುದಷ್ಟೇ ಅಲ್ಲ, ಅನ್ಯಾಯ ಇನ್ನೂ ಇದೆ. ‘ಅಕ್ಕಿ’ ತೆಗೆದುಕೊಳ್ಳಿ. ಬಿಡಿಸಿ ಹೇಳಿದರೆ ಅ, ಕ್, ಕಿ. ಮೊದಲ ಕಕಾರ ಅರ್ಧ ಉಸಿರಿನದು. ‘ಇ’ ಎಂಬ ಸ್ವರ ಸೇರಿರುವುದು ಎರಡನೆಯದಕ್ಕೆ, ಕೆಳಗೆ ಪುಟ್ಟದಾಗಿ ಒತ್ತಾಗಿ ಕೂತಿದೆಯಲ್ಲ, ಅದಕ್ಕೆ. ಆದರೆ ಬರೆಯುವಾಗ ಗುಡಿಸು ಹೋಗಿ ಕೂರುವುದು ಮೇಲಿನ ಕಕಾರದ ತಲೆಗೆ. ದನಿ ಕೆಳಗಿನವನದು, ಕಿರೀಟ ಮೇಲಿನವನದು. ಯಾವುದಾದರೂ ಕಚೇರಿಯಲ್ಲಿ ಆರು ತಿಂಗಳು ಕೆಲಸ ಮಾಡಿದವರಿಗೆ ಇದನ್ನು ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ಅರ್ಕಾವತ್ತಿನ ರಕಾರ ಮಾತ್ರ ಜಾಣ. ‘ಸೂರ್ಯ’ ಎನ್ನುವಾಗ ಯಕಾರಕ್ಕಿಂತ ಮುಂಚೆ ಸದ್ದು ಮಾಡಿ ಹಾಜರಿ ಹಾಕುತ್ತದೆ. ಬರೆಯುವ ಹೊತ್ತಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ, ಎಲ್ಲ ಮುಗಿದ ಮೇಲೆ ಪಕ್ಕದಲ್ಲಿ ಕೊಂಕಿಕೊಂಡು ನಿಂತಿರುತ್ತದೆ. ಪ್ರತಿ ಆಫೀಸಿನಲ್ಲೂ ಅಂಥ ಒಬ್ಬರಿದ್ದಾರೆ.

“ಅದೆಲ್ಲ ಇರಲಿ, ಕುಕ್ಕರ್ ಇಳಿಸಿದ್ಯಾ?” ಅಂದರು ಅಜ್ಜಿ.

ಒಲೆ ಆರಿಸಿ ಬಂದೆ. ಕುಕ್ಕರಿನ ಮೇಲೆ ಅಜ್ಜಿಗೆ ಹಳೆಯ ದ್ವೇಷ. ನಮ್ಮ ದೇಶದಲ್ಲೇ ಕುಕ್ಕರ್ ತಯಾರಾಗತೊಡಗಿದ್ದು 1959ರ ಸುಮಾರಿಗೆ. ಹಾಸನದ ಹತ್ತಿರದ ಅವರ ಹಳ್ಳಿಗೆ ಅದು ಬರಲು ಮತ್ತೂ ಹದಿನೈದು ವರ್ಷ ಹಿಡಿಯಿತಂತೆ. ಮೊದಲ ದಿನ ಇಡೀ ಮನೆ ಅಂಗಳದಲ್ಲಿ ನಿಂತು ಒಳಗಿನ ಸದ್ದು ಆಲಿಸಿತಂತೆ. ಅಜ್ಜಿಯ ಮಾವನವರು ಮಾತ್ರ, ಒಲೆಯ ಮೇಲಿನ ಪಾತ್ರೆ ಕೂಗುವುದು ಮನೆಗೆ ಒಳ್ಳೆಯದಲ್ಲ ಎಂದು ಹೇಳಿ ತೋಟಕ್ಕೆ ಹೊರಟುಹೋದರಂತೆ. ಅವರ ಮಾತು ಎರಡು ವರ್ಷದ ಮೇಲೆ ನಿಜವಾಯಿತು. ಮುಚ್ಚಳದ ಸೇಫ್ಟಿ ವಾಲ್ವ್ ಹೋಗಿದ್ದಕ್ಕೆ, ಸಂತೆಯಲ್ಲಿ ಪಾತ್ರೆ ರಿಪೇರಿ ಮಾಡುವವನ ಹತ್ತಿರ ಕೊಟ್ಟರೆ, ಆತ “ತೂತು ಬಿದ್ದಿದೆ” ಎಂದು ಗಟ್ಟಿಯಾಗಿ ಬೆಸುಗೆ ಹಾಕಿ ಕೊಟ್ಟ. ಒಂದು ದಿನ ವೇಟಿನ ಬಾಯಿಗೆ ಬೇಳೆಸಿಪ್ಪೆ ಸಿಕ್ಕಿಕೊಂಡಿತು. ಢಮ್. ಯಾರಿಗೂ ಏನೂ ಆಗಲಿಲ್ಲ. ಅಜ್ಜಿ ಆಗಷ್ಟೇ ಕೊತ್ತಂಬರಿ ಕೀಳಲು ಹಿತ್ತಲಿಗೆ ಹೋಗಿದ್ದರು. ತೊಗರಿಬೇಳೆ ಮಾತ್ರ ಜಂತೆಗೆ ಮೆತ್ತಿಕೊಂಡು, ಮುಂದಿನ ಯುಗಾದಿಗೆ ಸುಣ್ಣ ಬಳಿಯುವವರೆಗೂ ಅಲ್ಲೇ ಇತ್ತಂತೆ.

“ಅವತ್ತು ಒತ್ತಿದ್ದು ಯಾರು ಅಂತ ಗೊತ್ತಿತ್ತು ನೋಡು,” ಅಂದರು. “ಬೆಸುಗೆ ಹಾಕಿದೋನು. ಮುಂದಿನ ಸಂತೇಲಿ ಹಿಡಿದು ಕೇಳ್ದೆ.”

ಅಜ್ಜಿಯ ಅನುಭವ ಹೊಸದಲ್ಲ. ಡೆನಿಸ್ ಪಾಪೆನ್ ಎಂಬ ಫ್ರೆಂಚ್ ಮನುಷ್ಯ 1679ರಲ್ಲಿ ಲಂಡನ್ನಿನಲ್ಲಿ ಇಂಥದೊಂದು ಬಿಗಿಮುಚ್ಚಳದ ಪಾತ್ರೆ ಮಾಡಿ ವಿದ್ವಾಂಸರಿಗೆ ತೋರಿಸಿದ. ಅದರಲ್ಲಿ ಬೇಯಿಸಿದರೆ ಮೂಳೆಯೂ ಮೆತ್ತಗಾಗುತ್ತಿತ್ತು. ಹಬೆ ಪಾತ್ರೆಯನ್ನೇ ಸಿಡಿಸುವ ಭಯವಿದ್ದುದರಿಂದ ಮುಚ್ಚಳಕ್ಕೊಂದು ತೂತು ಕೊರೆದು, ಅದರ ಮೇಲೆ ತೂಕದ ಬಿರಡೆ ಕೂರಿಸಿದ. ಒಳಗಿನ ಒತ್ತು ಹೆಚ್ಚಾದರೆ ಬಿರಡೆ ಏಳುತ್ತದೆ, ಹಬೆ ಹೋಗುತ್ತದೆ, ಬಿರಡೆ ಮತ್ತೆ ಕೂರುತ್ತದೆ. ಉಗಿಯಂತ್ರದವರೆಗೂ ಹೋದ ಈ ಉಪಾಯ ನಮ್ಮ ಮನೆಗಳಲ್ಲಿ ‘ವೇಟು’ ಎಂಬ ಹೆಸರಿನಲ್ಲಿ ತಟ್ಟೆಬುಟ್ಟಿಯ ತಳದಲ್ಲಿ ಕಳೆದುಹೋಗುತ್ತಿರುತ್ತದೆ. ಒಳಗೆ ನಡೆಯುವುದು ಇಷ್ಟು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿದು ಕೈ ಚೆಲ್ಲುತ್ತದೆ. ಎಷ್ಟು ಉರಿ ಹಾಕಿದರೂ ಅದರ ಮೇಲೆ ಏರದು. ಕುಕ್ಕರಿನಲ್ಲಿ ವೇಟು ಕೂತು ಹಬೆಯನ್ನು ಹಿಡಿದಿಟ್ಟರೆ ನೀರು 120ರ ಹತ್ತಿರ ಹೋಗುತ್ತದೆ. ಬೇಳೆ ಬೇಯುವುದು ಆ ಇಪ್ಪತ್ತು ಚಿಲ್ಲರೆ ಡಿಗ್ರಿಯ ಋಣದಲ್ಲಿ. ಲೇಹ್‌ನಲ್ಲಿ ನೀರು 90 ತಲುಪುವ ಮುಂಚೆಯೇ ಕುದಿಯುತ್ತದೆ. ಅಲ್ಲಿ ಕುಕ್ಕರಿಲ್ಲದೆ ಬೇಳೆ ಬೇಯಿಸಲು ಹೊರಟವರು ಮಧ್ಯಾಹ್ನದ ಸಾರನ್ನು ರಾತ್ರಿ ಉಣ್ಣಬೇಕು.

ಮಾತು ಬಿಪಿಗೆ ಹೊರಳಿತು. ಎಂಬತ್ತರ ಹೆಂಗಸಿನ ಜೊತೆ ಗೋಡೆಗೆ ಒರಗಿ ಮಾತಾಡುವಾಗ ಅದು ಹೊರಳದೆ ಇರುವುದಿಲ್ಲ.

ನಮ್ಮವರು ಬಿಪಿಯನ್ನು ಮನೆಗೆ ಬಂದ ನೆಂಟನ ಹಾಗೆ ಹೇಳುತ್ತಾರೆ. “ನಂಗೆ ಬಿಪಿ ಇದೆ, ಶುಗರ್ ಇಲ್ಲ.” “ನಮ್ಮನೆಯವರಿಗೆ ಎರಡೂ ಇದೆ.” ಬಿಪಿ ಎಂದರೆ ರಕ್ತದೊತ್ತಡ, ಅದು ಇಲ್ಲದವರನ್ನು ಹೊತ್ತುಕೊಂಡು ಹೋಗಬೇಕಾಗುತ್ತದೆ ಎಂದು ತಿದ್ದಲು ಹೋಗಿ ಒಂದೆರಡು ಸಲ ಬೈಸಿಕೊಂಡಿದ್ದೇನೆ. ಈಗ ತಿದ್ದುವುದಿಲ್ಲ. ಕೋಪಕ್ಕೂ ಅದೇ ಹೆಸರು ಬಂದಾಗಿದೆ: “ಸುಮ್ನೆ ನಂಗೆ ಬಿಪಿ ತರಿಸ್ಬೇಡ.” ಮೊದಲು ಪಿತ್ತ ನೆತ್ತಿಗೇರುತ್ತಿತ್ತು, ಈಗ ಬಿಪಿ ಏರುತ್ತದೆ.

ಅಜ್ಜಿಯದು ತಿಂಗಳಿಗೊಮ್ಮೆ ನೋಡಿಸುವ ಬಿಪಿ. ಅಲ್ಲಿಯೂ ತಕರಾರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವಾಗ ಡಾಕ್ಟರು ಮಾತಾಡಬೇಡಿ ಅನ್ನುತ್ತಾರೆ, ಮಾತಾಡಿದರೆ ಅಂಕಿ ಏರುವುದು ನಿಜ. ಸುಮ್ಮನೆ ಕೂತರೆ ತನಗೆ ಅದರಿಂದಲೇ ಏರುತ್ತದೆ ಎಂಬುದು ಅಜ್ಜಿಯ ವಾದ. ಆ ಪಟ್ಟಿಯನ್ನು ಕಂಡುಹಿಡಿದವನು ಇಟಲಿಯ ರಿವಾ ರೊಚ್ಚಿ, 1896ರಲ್ಲಿ. ಪಟ್ಟಿಯ ಗಾಳಿ ಬಿಡುತ್ತಾ ಸ್ಟೆತಸ್ಕೋಪಿನಲ್ಲಿ ಟಕ್ ಟಕ್ ಸದ್ದು ಶುರುವಾಗುವುದು ಎಲ್ಲಿ, ನಿಲ್ಲುವುದು ಎಲ್ಲಿ ಎಂದು ಕೇಳಿ ಮೇಲಿನದೊಂದು ಕೆಳಗಿನದೊಂದು ಅಂಕಿ ಬರೆದುಕೊಳ್ಳುವ ಉಪಾಯ ಹೇಳಿಕೊಟ್ಟವನು ರಷ್ಯಾದ ಕೊರೊಟ್ಕಾಫ್, 1905ರಲ್ಲಿ. 120ಕ್ಕೆ 80 ಎಂದರೆ ರಕ್ತ ಅಷ್ಟು ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿಯಬಲ್ಲದು ಎಂದು ಲೆಕ್ಕ. ಇವರಿಬ್ಬರಿಗಿಂತ ಮೊದಲು, 1733ರಲ್ಲಿ, ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ ಒಂದು ಹೆಣ್ಣುಕುದುರೆಯ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಸಿಕ್ಕಿಸಿ ನಡೆಸಿದ ಪ್ರಯೋಗವನ್ನು ಪುಸ್ತಕದಲ್ಲಿ ಬರೆದಿದ್ದ. ರಕ್ತ ಎಂಟು ಅಡಿಗೂ ಮೇಲೆ ಏರಿ ನಿಂತಿತ್ತು.

“ಕುದುರೆ ಬದುಕ್ತಾ?” ಅಂದರು ಅಜ್ಜಿ.

ಬದುಕಲಿಲ್ಲ ಅಂದೆ.

“ನೋಡು ಮತ್ತೆ. ಅಷ್ಟು ಅಳತೆ ಯಾಕೆ ಬೇಕಿತ್ತು ಅವನಿಗೆ.” ಆ ತಿಂಗಳು ಡಾಕ್ಟರ ಹತ್ತಿರ ಹೋಗದಿರಲು ಅಜ್ಜಿಗೆ ಹೊಸ ಕಾರಣ ಸಿಕ್ಕಿತು. ತಪ್ಪು ನನ್ನದೇ. ಉಪ್ಪು ದಿನಕ್ಕೆ ಐದು ಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ಎಂದು ಸೇರಿಸಿದೆ. ಅಜ್ಜಿ ತಮ್ಮ ಮಾವಿನಮಿಡಿಯ ಭರಣಿಯ ದಿಕ್ಕಿಗೆ ಒಮ್ಮೆ, ನನ್ನ ದಿಕ್ಕಿಗೆ ಒಮ್ಮೆ ನೋಡಿ ಮಾತು ಬದಲಿಸಿದರು.

ಒಂದು ವಿಚಿತ್ರ. ಪ್ರೆಶರ್ ಎಂಬ ಮಾತು ನಿಜಕ್ಕೂ ಸಲ್ಲಬೇಕಾದ ಕಡೆ ನಾವು ಅದನ್ನು ಬಳಸುವುದೇ ಇಲ್ಲ. ಸ್ಕೂಟರಿನ ಚಕ್ರಕ್ಕೆ ನಾವು ಹಾಕಿಸುವುದು ‘ಗಾಳಿ’. ಮುಂದೆ ಎಷ್ಟು ಹಿಂದೆ ಎಷ್ಟು ಎಂದು ಹುಡುಗ ಕೇಳುವುದು ಒತ್ತಡದ ಅಂಕಿಯನ್ನೇ, ಆದರೂ ಗಾಳಿ. ನಲ್ಲಿಯಲ್ಲಿ ಸಣ್ಣಗೆ ಬಂದರೆ ‘ಫೋರ್ಸ್ ಇಲ್ಲ’. ನಮ್ಮ ಬೀದಿಯಲ್ಲಿ ದಿನ ಬಿಟ್ಟು ದಿನ ನೀರು. ನೀರು ಬಿಡುವ ಹುಡುಗ ಉದ್ದನೆಯ ಕಬ್ಬಿಣದ ಕೀಲಿಯನ್ನು ರಸ್ತೆಯ ಗುಂಡಿಗೆ ಇಳಿಸಿ ತಿರುಗಿಸುವಾಗ ಅಜ್ಜಿ ಗೇಟಿಗೆ ಬಂದು, “ಇನ್ನೊಂದು ಸುತ್ತು ತಿರುಗ್ಸೋ ಮಗಾ, ಫೋರ್ಸೇ ಇಲ್ಲ,” ಅನ್ನುತ್ತಾರೆ. ಅವನು ಒಂದು ಸುತ್ತು ತಿರುಗಿಸಿದರೆ ಕೆಳಗಿನ ಬೀದಿಯವರಿಗೆ ಅಷ್ಟು ಕಡಿಮೆ, ಅದು ಅಜ್ಜಿಗೂ ಗೊತ್ತು. ಅವನಿಗೆ ಕೊಡುವ ಕಾಫಿಯ ಲೋಟ ಅದಕ್ಕೇ ದೊಡ್ಡದು.

ಆ ನೀರಿನ ಹಿಂದಿರುವ ಒತ್ತು ನೆನೆದರೆ ನನಗೆ ನಲ್ಲಿ ಬಿಟ್ಟು ಹಲ್ಲುಜ್ಜಲು ಮನಸ್ಸಾಗುವುದಿಲ್ಲ. ಕಾವೇರಿ ಬೆಂಗಳೂರಿಗೆ ಹರಿದು ಬರುವವಳಲ್ಲ, ಹತ್ತಿ ಬರುವವಳು. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಹಾಕಿ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ ನೂಕುತ್ತಾರೆ. ನೀರು ಹತ್ತು ಮೀಟರ್ ಎತ್ತರ ನಿಂತರೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ. ಐನೂರಕ್ಕೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಅಷ್ಟು ಒತ್ತಿಸಿಕೊಂಡು ಬಂದ ನೀರು ನಮ್ಮ ಸಂಪಿಗೆ ಬೀಳುವಾಗ ಸೊರಗಿ ತೊಟ್ಟಿಕ್ಕುತ್ತದೆ. ಮೂರನೇ ಮಹಡಿಯ ಬಾಡಿಗೆಯವರಿಗೆ ಶವರ್ ಎಂಬುದು ಗೋಡೆಯ ಅಲಂಕಾರ, ತಲೆಯ ಮೇಲಿನ ಟ್ಯಾಂಕು ಅವರಿಗಿಂತ ಎರಡಾಳು ಎತ್ತರ ಕೂಡ ಇಲ್ಲವಲ್ಲ.

ಇನ್ನು ಹವಾಮಾನದವರ ‘ವಾಯುಭಾರ ಕುಸಿತ’. ಇಲ್ಲಿ ಒತ್ತಡ ಹೋಗಿ ಭಾರವಾಗಿದೆ, ಯಾರು ಕೊಟ್ಟ ಹೆಸರೋ, ಚೆನ್ನಾಗಿದೆ. ಅಜ್ಜಿಗೆ ಈ ಪದದ ಮೇಲೆ ಸಿಟ್ಟು. ಮೇ ತಿಂಗಳಲ್ಲಿ ತಾರಸಿಯ ಮೇಲೆ ಸಂಡಿಗೆ ಇಟ್ಟ ದಿನವೇ ಬಂಗಾಳಕೊಲ್ಲಿಯಲ್ಲಿ ಭಾರ ಕುಸಿಯುತ್ತದೆ. “ಅಲ್ಲಿ ಭಾರ ಇಳಿದ್ರೆ ಇಲ್ಲಿ ನನ್ನ ಸಂಡಿಗೆ ಯಾಕೆ ನೆನೀಬೇಕು?” ಸಮುದ್ರಮಟ್ಟದ ಸರಾಸರಿ 1013 ಹೆಕ್ಟೊಪಾಸ್ಕಲ್, ಅದರಲ್ಲಿ ಹತ್ತೋ ಹದಿನೈದೋ ಇಳಿದರೆ ಸಾಕು, ಸುತ್ತಲಿನ ಗಾಳಿ ಆ ಕಡೆ ನುಗ್ಗಿ ಮೋಡ ಕಟ್ಟುತ್ತದೆ ಎಂದು ಹೇಳಿದೆ. ನೂರಕ್ಕೆ ಒಂದೂವರೆ ಪಾಲು ಕಡಿಮೆಯಾದದ್ದಕ್ಕೆ ಇಷ್ಟು ರಂಪವಾ ಅಂದರು. ನಮ್ಮ ಮನೆಗಳಲ್ಲಿ ಸಂಬಳದಿಂದ ಅಷ್ಟು ಹಿಡಿದುಕೊಂಡರೂ ಇದೇ ರಂಪ.

ಆ ಪಾಸ್ಕಲ್ ಇದ್ದಾನಲ್ಲ, ಒತ್ತಡದ ಅಳತೆಗೆ ಅವನ ಹೆಸರಿಟ್ಟದ್ದು 1971ರಲ್ಲಿ. ಅದು ಎಷ್ಟು ಚಿಕ್ಕ ಅಳತೆ ಎಂದರೆ, ಜೆರಾಕ್ಸ್ ಅಂಗಡಿಯ ಒಂದು ಬಿಳಿ ಹಾಳೆಯನ್ನು ಮೇಜಿನ ಮೇಲೆ ಹರಡಿದರೆ ಅದು ಮೇಜನ್ನು ಒತ್ತುವುದು ಒಂದು ಪಾಸ್ಕಲ್‌ಗೂ ತುಸು ಕಡಿಮೆ. ನನಗೆ ಇದು ತಿಳಿದಾಗ ನೆನಪಾದದ್ದು ಒಂದು ಕಚೇರಿ. ಅಪ್ಪ ತೀರಿಕೊಂಡ ಮೇಲೆ ಮನೆಯ ಖಾತೆ ಬದಲಾಯಿಸಲು ಹದಿನಾಲ್ಕು ತಿಂಗಳು ಓಡಾಡಿದ್ದೆ. ಫೈಲು ಎರಡು ಕಿಲೋ ತೂಗುತ್ತಿತ್ತು, ಕದಲುತ್ತಿರಲಿಲ್ಲ. ಕೊನೆಗೆ ಚಿಕ್ಕಪ್ಪ ಎಲ್ಲಿಂದಲೋ ಒಂದು ಹಾಳೆ ತಂದರು, ಎರಡೇ ಸಾಲು, ಕೆಳಗೊಂದು ಸಹಿ. ಅದನ್ನು ಫೈಲಿನ ಮೇಲಿಟ್ಟ ನಾಲ್ಕನೇ ದಿನಕ್ಕೆ ಖಾತೆ ಕೈಗೆ ಬಂತು. “ಮೇಲಿನಿಂದ ಒತ್ತಡ ಇತ್ತು ಮೇಡಂ, ಮೊದಲೇ ಹೇಳೋದಲ್ವಾ,” ಅಂದರು ಆ ಗುಮಾಸ್ತರು. ಮುಕ್ಕಾಲು ಪಾಸ್ಕಲ್. ಅದನ್ನು ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಹದಿನಾಲ್ಕು ತಿಂಗಳು ಚಪ್ಪಲಿ ಸವೆಸಿದವರು ಮಾತ್ರ ನನ್ನನ್ನು ಬೈಯಲಿ.

ಇಷ್ಟು ಹೊತ್ತಿಗೆ ಅಜ್ಜಿಯ ಮಗ ಕಿವಿಗೆ ಆ ಬಿಳಿಯ ಕಡ್ಡಿ ಸಿಕ್ಕಿಸಿಕೊಂಡು ಬಾಲ್ಕನಿಗೆ ಬಂದ. ಶನಿವಾರವೂ ಕೆಲಸ. “ಯೆಸ್ ಯೆಸ್, ಬೈ ಮಂಡೇ” ಎಂದು ಯಾರಿಗೋ ಹೇಳುತ್ತಾ, ನಮ್ಮನ್ನು ನೋಡಿ ಕೈಯೆತ್ತಿ, ಒಳಗೆ ಹೋದ. ಮುಖ ಬಾಡಿತ್ತು.

ಅಜ್ಜಿ ದನಿ ತಗ್ಗಿಸಿದರು. “ನಾವೇನು ಕಮ್ಮಿ ಒತ್ತಿಸ್ಕೊಂಡಿದೀವಾ? ಹಿಂಡಿ ಹಿಪ್ಪೆ ಮಾಡಿದ್ರು. ಗಾಣದೆತ್ತಿನ ಹಾಗೆ ದುಡಿದೆ. ಆದ್ರೆ ಅತ್ತೆ ಅಂತ ಗೊತ್ತಿತ್ತು, ಸಾಲದೋನು ಅಂತ ಗೊತ್ತಿತ್ತು. ಹಿತ್ತಲಲ್ಲಿ ನಿಂತು ಹೆಸರು ಹಿಡಿದು ಬೈದ್ರೆ ರಾತ್ರಿ ನಿದ್ದೆ ಬರ್ತಿತ್ತು. ಇವನು ಯಾರನ್ನ ಬೈತಾನೆ, ಪಾಪ?”

ಇದನ್ನು ಕೇಳಿ ನಾನು ಸುಮ್ಮನಾದೆ. ಹಳೆಯ ಮಾತುಗಳನ್ನು ಲೆಕ್ಕ ಹಾಕಿದೆ. ಹಿಂಡಿ ಹಿಪ್ಪೆ ಮಾಡುವುದು, ಗಾಣದ ಎತ್ತು, ಕುತ್ತಿಗೆಗೆ ಬರುವುದು, ಎದೆ ಭಾರ, ಉಸಿರಾಡಲು ಪುರುಸೊತ್ತಿಲ್ಲ. ಪ್ರತಿಯೊಂದರಲ್ಲೂ ಒಂದು ಅಂಗ ಇದೆ, ಇಲ್ಲವೇ ಒಂದು ಯಂತ್ರ, ಇಲ್ಲವೇ ಒಂದು ಪ್ರಾಣಿ. ಎಲ್ಲಿ ನೋಯುತ್ತಿದೆ ಎಂದಾದರೂ ತಿಳಿಯುತ್ತಿತ್ತು. ಹಾನ್ಸ್ ಸೆಲ್ಯೆ ಎಂಬ ವೈದ್ಯ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗ ಬರೆದು, ಮುಂದೆ ಕಬ್ಬಿಣ ಕಂಬಿಗಳ ಶಾಸ್ತ್ರದಲ್ಲಿದ್ದ ಸ್ಟ್ರೆಸ್ ಎಂಬ ಮಾತನ್ನು ಮನುಷ್ಯನ ಮೈಗೆ ಅಂಟಿಸಿದ. ಇಂಗ್ಲಿಷಿನಲ್ಲಿ ಸ್ಟ್ರೆಸ್ ಬೇರೆ, ಪ್ರೆಶರ್ ಬೇರೆ, ಟೆನ್ಷನ್ ಬೇರೆ. ನಾವು ಮೂರನ್ನೂ ಒಂದೇ ಒತ್ತಡದ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆವು. ಚೀಲದೊಳಗೆ ಮ್ಯಾನೇಜರನೂ ಇದ್ದಾನೆ, ಮನೆಸಾಲದ ಕಂತೂ ಇದೆ, ಮಗಳ ಶಾಲೆಯ ಫೀಸೂ ಇದೆ, ಪಕ್ಕದ ಮೇಜಿನವನು ಕೊಂಡ ಕಾರೂ ಇದೆ. ಹೊತ್ತವನಿಗೆ ಕಾಣುವುದು ಚೀಲ ಮಾತ್ರ.

“ಒಂದು ಸಿಂಬೆ ಆದ್ರೂ ಬೇಕು ಕಣೇ,” ಅಂದರು ಅಜ್ಜಿ. “ಕೆರೆಯಿಂದ ಕೊಡ ಹೊತ್ತು ತರ್ತಿದ್ವಲ್ಲ, ಹಳೇ ಸೀರೆ ತುಂಡು ಸುತ್ತಿ ಸಿಂಬೆ ಮಾಡಿ ತಲೆ ಮೇಲಿಟ್ಕೊತಿದ್ವಿ. ಕೊಡದ ಭಾರ ಅಷ್ಟೇ ಇರತ್ತೆ. ನೆತ್ತಿ ನೋಯಲ್ಲ.”

ಭೌತಶಾಸ್ತ್ರದ ಮೇಷ್ಟ್ರು ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿ ಎಂದು ಮೂರು ಪೀರಿಯಡ್ ಹೇಳಿದ್ದು ಇದನ್ನೇ. ತಾಮ್ರದ ಕೊಡದ ತಳ ನೆತ್ತಿಗೆ ತಾಗುವುದು ಎರಡು ಬೆರಳಷ್ಟು ಜಾಗದಲ್ಲಿ, ಸಿಂಬೆ ಅದನ್ನು ಅಂಗೈ ಅಗಲಕ್ಕೆ ಹರಡುತ್ತದೆ. ಇದನ್ನು ಯಾರಾದರೂ ಸೂರ್ಯೋದಯದ ಚಿತ್ರ ಹಾಕಿ ಶುಭೋದಯದ ಸಂದೇಶ ಮಾಡಿ ಕಳಿಸುವ ಮುಂಚೆ ಹೇಳಿಬಿಡುತ್ತೇನೆ: ಅಜ್ಜಿ ಮಾತಾಡಿದ್ದು ನಿಜವಾದ ಸಿಂಬೆಯ ವಿಷಯ. ಅದು ಇವತ್ತಿಗೂ ಅವರ ಅಟ್ಟದಲ್ಲಿದೆ, ನಾನೇ ನೋಡಿದ್ದೇನೆ, ಇಲಿ ಒಂದು ಕಡೆ ಕಡಿದಿದೆ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆಯೇ ಗೋಡೆಯಾಚೆಯಿಂದ ಕರೆ ಬಂತು, ಒತ್ತು ಶಾವಿಗೆ ಮಾಡ್ತಿದೀನಿ, ಬಾ ಅಂತ. ಹೋದೆ. ಅಡುಗೆಮನೆಯ ನೆಲದ ಮೇಲೆ ಮೂರು ಕಾಲಿನ ಹಿತ್ತಾಳೆ ಒರಳು. ಊರಲ್ಲಿ ಮರದ್ದಿತ್ತಂತೆ, ಅದರ ಉದ್ದನೆಯ ಹಿಡಿಯ ಮೇಲೆ ಮನೆಯ ಹುಡುಗರನ್ನೆಲ್ಲ ಕೂರಿಸಿ ಒತ್ತಿಸುತ್ತಿದ್ದರಂತೆ. ನೆನೆಸಿದ ಅಕ್ಕಿಯನ್ನು ರುಬ್ಬಿ, ಕಾಸಿ ಮುದ್ದೆ ಮಾಡಿ, ಉಂಡೆ ಕಟ್ಟಿ ಬೇಯಿಸಿಟ್ಟಿದ್ದರು. ಉಂಡೆ ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಯಾವ ಭೀಮ ಬಂದರೂ ತೂತಿನಿಂದ ಇಳಿಯದು. ಒಂದು ಕಡೆ ಕಾಯಿಹಾಲು ಬೆಲ್ಲ ಏಲಕ್ಕಿ ಬೆರೆಸಿಕೊಂಡು ತಣ್ಣಗೆ ಕೂತಿತ್ತು. ಅಜ್ಜಿಯ ತೋಳು ಸೋತಿತ್ತು. ನನ್ನ ತೋಳು ಎರಡೇ ಉಂಡೆಗೆ ಸೋತಿತು.

ಮಗನನ್ನು ಕರೆದರು. ಬನಿಯನ್ನಿನಲ್ಲಿ ಬಂದು ಒರಳಿನ ಕಾಲನ್ನು ಪಾದದಿಂದ ಮೆಟ್ಟಿ ಹಿಡಿದು ತಿರುಗಿಸತೊಡಗಿದ. ಮೊದಲ ಸುತ್ತಿಗೆ ಬಿಗಿ, ಆಮೇಲೆ ತಳದ ತೂತುಗಳಿಂದ ಬಿಳಿಯ ಎಳೆಗಳು ಒಂದೇ ಸಮನೆ ಇಳಿದು ತಟ್ಟೆಯಲ್ಲಿ ಸುರುಳಿ ಸುತ್ತಿದವು. ಮೊಮ್ಮಗಳು ಒಂದು ಎಳೆ ಎತ್ತಿ ಬಾಯಿಗೆ ಇಳಿಬಿಟ್ಟುಕೊಂಡಳು. ನಾಲ್ಕನೇ ಉಂಡೆ ಒರಳಿಗೆ ಹೋದಾಗ ಶೆಲ್ಫಿನ ಮೇಲಿದ್ದ ಅವನ ಫೋನು ನಡುಗಿತು. ಅವನ ಕೈ ಹಿಡಿ ಬಿಟ್ಟು ಅತ್ತ ಹೊರಟಿತು.

“ಅದನ್ನ ಆಮೇಲೆ ಒತ್ತು,” ಅಂದರು ಅಜ್ಜಿ, “ಮೊದಲು ಇದನ್ನ ಒತ್ತು. ಉಂಡೆ ಆರತ್ತೆ.”